ಒಮ್ಮೆಯೂ ನಿಲ್ಲದ ಲಿಫ್ಟು

ಅವನು ನಮ್ಮ ಗುಂಪಿಗೆ ಬಂದದ್ದು ಕುಡಿತ ಬಿಡುವುದಕ್ಕಲ್ಲ, ಒಂದು ಪತ್ರಕ್ಕಾಗಿ. ಬಂದ ದಿನವೇ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಲಿಫ್ಟ್ ಕಂಪನಿಯವರು ಮೂರು ತಿಂಗಳು ಸಂಬಳವಿಲ್ಲದ ರಜೆ ಕೊಟ್ಟು ಅವನನ್ನು ಮನೆಗೆ ಕಳಿಸಿದ್ದರು. ವಾಪಸು ಕೆಲಸಕ್ಕೆ ಸೇರಬೇಕಾದರೆ, ಈತ ಕುಡಿತ ಬಿಟ್ಟಿದ್ದಾನೆ ಎಂದು ನಂಬಿಕಸ್ಥರು ಯಾರಾದರೂ ಬರೆದುಕೊಡಬೇಕಿತ್ತು. ಚರ್ಚಿನ ಹಿಂದಿನ ಕೋಣೆಯಲ್ಲಿ ಶನಿವಾರ ಶನಿವಾರ ಸೇರುವವರನ್ನು ಹಿಡಿದರೆ ಅಂಥ ಪತ್ರ ಸಿಗುತ್ತದೆಂದು ಅವನ ಹೆಂಡತಿಗೆ ಯಾರೋ ಹೇಳಿದ್ದರು.

"ಪತ್ರ ಕೊಡೋಣ, ಅದಕ್ಕೇನು," ಅಂದರು ಮೇಷ್ಟ್ರು. "ಹನ್ನೆರಡು ಶನಿವಾರ ಬಾ. ಹದಿಮೂರನೇದಕ್ಕೆ ನಾನೇ ಕೈಯಾರೆ ಬರೆದುಕೊಡ್ತೀನಿ. ಆದ್ರೆ ನನ್ನ ಕೈಲಿ ಸುಳ್ಳು ಬರೆಸಬೇಡಪ್ಪ. ಅಕ್ಷರ ದುಂಡಗಿದೆ, ಹಾಳಾಗುತ್ತೆ."

ಮೇಷ್ಟ್ರು ನಮ್ಮ ಗುಂಪನ್ನು ನಡೆಸುವವರು. ಗಣಿತ ಕಲಿಸಿ ನಿವೃತ್ತರಾದವರು. ಹತ್ತೊಂಬತ್ತು ವರ್ಷ ಕುಡಿದು, ಇಪ್ಪತ್ತೆರಡು ವರ್ಷದಿಂದ ಬಿಟ್ಟವರು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ನಿದ್ರೆ ಮಾತ್ರೆಯಿಲ್ಲದೆ ಬದುಕಲಾರೆ ಎನ್ನುವ ಹಂತಕ್ಕೆ ಹೋಗಿ, ಅವನಿಗಿಂತ ನಾಲ್ಕು ವರ್ಷ ಮೊದಲು ಅದೇ ಕೋಣೆಗೆ ಬಂದು ಕುಳಿತವಳು. ಅವನು ನನ್ನನ್ನು ಅಕ್ಕ ಅನ್ನುತ್ತಾನೆ. ಅವನ ಬೀದಿಯ ಮಕ್ಕಳು ಅವನನ್ನು ಲಿಫ್ಟಣ್ಣ ಅನ್ನುತ್ತಿದ್ದವು. ನಮಗೂ ಅದೇ ಬಾಯಿಗೆ ಬಂತು. ಇದನ್ನು ಬರೆಯಲು ಅವನ ಒಪ್ಪಿಗೆಯಿದೆ. "ಬರೀರಿ ಅಕ್ಕ, ಆದ್ರೆ ನನ್ನನ್ನ ಒಳ್ಳೆಯವನನ್ನಾಗಿ ಮಾಡ್ಬೇಡಿ," ಅಂದಿದ್ದಾನೆ.

ನಾವು ಸೇರುವುದು ಭಾನುವಾರ ಮಕ್ಕಳಿಗೆ ಪಾಠ ನಡೆಯುವ ಕೋಣೆಯಲ್ಲಿ. ಕುರ್ಚಿಗಳೆಲ್ಲ ಮಕ್ಕಳ ಅಳತೆಯವು. ಎಂಟು ಹತ್ತು ಜನ ದೊಡ್ಡವರು ಮಂಡಿ ಎದೆಗೆ ತಾಗುವಂತೆ ಮುದುಡಿ ಕೂರುತ್ತೇವೆ. ಮೇಷ್ಟ್ರು ಚಿಕ್ಕದೊಂದು ಪ್ರಾರ್ಥನೆ ಮಾಡುತ್ತಾರೆ. ಉದ್ದದ ಪ್ರಾರ್ಥನೆಯಲ್ಲಿ ಅಡಗಿಕೊಳ್ಳಲು ಜಾಗ ಜಾಸ್ತಿ ಎನ್ನುವುದು ಅವರ ಅಭಿಪ್ರಾಯ. ಆಮೇಲೆ ಒಬ್ಬೊಬ್ಬರೂ ಎಷ್ಟು ದಿನವಾಯಿತೆಂದು ಹೇಳಬೇಕು. ಒಬ್ಬರು ಸಾಕ್ಷಿ ಹೇಳುತ್ತಾರೆ, ಅಂದರೆ ತಮ್ಮ ಕಥೆ. ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ.

ಅವನ ಸರದಿ ಬಂದದ್ದು ಮೂರನೇ ಶನಿವಾರ. ನಮ್ಮಲ್ಲಿ ಸಾಮಾನ್ಯವಾಗಿ ಎಲ್ಲರೂ ಒಂದು ಕಾರಣ ತರುತ್ತಾರೆ. ಅಪ್ಪ ಹೊಡೆಯುತ್ತಿದ್ದ, ಮಗು ತೀರಿಕೊಂಡಿತು, ಸೊಂಟ ನೋವು. ಅವನು ತನ್ನ ಬೆರಳುಗಳನ್ನೇ ನೋಡಿಕೊಂಡು, "ನನಗೆ ಕಾರಣ ಇರ್ಲಿಲ್ಲ. ರುಚಿ ಹತ್ತಿತು, ಅಷ್ಟೆ," ಅಂದ.

ಅವನ ತಂದೆ ಗಡಿಯಾರ ರಿಪೇರಿಯವರು. ಸೋದರಮಾವ ಲಿಫ್ಟಿನ ಕೆಲಸಕ್ಕೆ ಹಚ್ಚಿದರು. ಇಪ್ಪತ್ತಾರು ವರ್ಷ ಅದೇ ಕೆಲಸ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರೆ ಒಳಗೆ ಯಾವ ಬೇರಿಂಗು ಸವೆದಿದೆ ಎಂದು ಹೇಳಬಲ್ಲವನಾಗಿದ್ದ. ಲಿಫ್ಟಿನ ಮೋಟಾರು, ಬ್ರೇಕು, ಪ್ಯಾನೆಲ್ಲು ಇರುವುದು ಕಟ್ಟಡದ ತುದಿಯಲ್ಲಿ, ತಾರಸಿಯ ಮೇಲಿನ ಒಂದು ಸಣ್ಣ ಕೋಣೆಯಲ್ಲಿ. ಅಲ್ಲಿಗೆ ಯಾರೂ ಬರುವುದಿಲ್ಲ. ಬಂದರೂ ಗ್ರೀಸಿನ ವಾಸನೆ ಉಳಿದೆಲ್ಲ ವಾಸನೆಯನ್ನೂ ನುಂಗಿಹಾಕುತ್ತದೆ. ಕೈ ಒರೆಸುವ ಹತ್ತಿಯ ಕೆಳಗೆ ಚಪ್ಪಟೆ ಬಾಟಲಿ ಇಟ್ಟುಕೊಂಡು ಹೋಗತೊಡಗಿದ. ವರ್ಷಗಟ್ಟಲೆ ಒಂದು ತಪ್ಪೂ ಆಗಲಿಲ್ಲ. ಅದೇ ಅವನ ಜಂಬ.

ಆಮೇಲೆ ಹೊತ್ತುಗಳು ಕಾಣೆಯಾಗತೊಡಗಿದವು. ಹತ್ತು ಗಂಟೆಗೆ ಒಂದು ಕಟ್ಟಡದೊಳಗೆ ಹೋದದ್ದು ನೆನಪಿರುತ್ತಿತ್ತು. ಇನ್ನೊಂದು ನೆನಪು ಒಂದೂವರೆಗೆ, ಬಸ್ಸಿನ ಕಿಟಕಿಯ ಪಕ್ಕ. ನಡುವಿನದು ಒರೆಸಿಹಾಕಿದ ಹಾಗೆ. ಚೀಲ ತೆರೆದು ನೋಡಿದರೆ ಸಾಮಾನುಗಳೆಲ್ಲ ಅದರದರ ಜಾಗದಲ್ಲಿ. ಡೈರಿ ತೆರೆದರೆ ಅವನದೇ ಅಕ್ಷರದಲ್ಲಿ, ಕೈ ಒಂದಿಷ್ಟೂ ನಡುಗದೆ ಬರೆದ ಸಾಲು: ಬ್ರೇಕು ನೋಡಿದೆ, ಬಾಗಿಲು ನೋಡಿದೆ, ಸರಿಯಾಗಿದೆ.

"ಆ ಅಕ್ಷರ ನೋಡಿದ್ರೆ ನನಗೆ ಭಯ ಆಗ್ತಿತ್ತು," ಅಂದ. "ನನ್ನ ಕೈ ಬರೀತಿದೆ, ನಾನಲ್ಲಿ ಇಲ್ಲ."

ಭಯವಾದರೂ ಕುಡಿತ ನಿಲ್ಲಲಿಲ್ಲ. ಒಂದು ದಿನ ಹದಿನೈದು ವರ್ಷದ ಮಗಳನ್ನು ಯಾವುದೋ ಅರ್ಜಿಗೆ ಸಹಿ ಹಾಕಿಸಲು ಒಂದು ಆಫೀಸಿಗೆ ಕರೆದುಕೊಂಡು ಹೋದ. ಆರನೇ ಮಹಡಿ. ಲಿಫ್ಟಿನೊಳಗೆ ಅಪ್ಪನ ಪಕ್ಕ ನಿಂತವಳು ಮೂಗಿಗೆ ವಾಸನೆ ಬಡಿದು ಹೊರಗೆ ಹೆಜ್ಜೆಯಿಟ್ಟಳು. "ನಾನು ಮೆಟ್ಟಿಲಲ್ಲಿ ಬರ್ತೀನಪ್ಪ," ಅಂದಳು. ಅವನು ಮೇಲೆ ಕಾದು ನಿಂತ. ಅವಳು ಬಂದಾಗ ಏದುಸಿರು ಕಾಣಬಾರದೆಂದು ಉಸಿರು ಬಿಗಿಹಿಡಿದಿದ್ದಳಂತೆ. ಅದೇ ವಾರ ಕಂಪನಿಯ ಸೂಪರ್‌ವೈಸರಿಗೂ ವಾಸನೆ ಸಿಕ್ಕಿತು. ರಜೆಯ ಕಾಗದ ಕೈಗೆ ಬಂತು.

ಗುಂಪಿಗೆ ಬಂದು ಕುಡಿತ ಬಿಟ್ಟ ಮೊದಲ ಹತ್ತು ದಿನ ಅವನಿಗೆ ಬಹಳ ಕಷ್ಟವಾಗಿತ್ತು. ಕೈ ನಡುಕಕ್ಕೆ ಟೀ ಲೋಟ ಹಲ್ಲಿಗೆ ಬಡಿಯುತ್ತಿತ್ತು. ಮೇಷ್ಟ್ರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆಮೇಲೆ ದಿನಾ ಬೆಳಿಗ್ಗೆ ಅವನ ಮನೆಯ ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು.

"ಪ್ರಾರ್ಥನೆ ಮಾಡು."

"ಬರಲ್ಲ ಮೇಷ್ಟ್ರೇ. ಮದುವೆ ಆದ ಮೇಲೆ ಚರ್ಚಿನ ಕಡೆ ತಲೆ ಹಾಕಿಲ್ಲ."

"ಹಾಗಾದ್ರೆ ಹತ್ತೊಂಬತ್ತರ ಮಗ್ಗಿ ಹೇಳು. ಕರ್ತನಿಗೆ ಅದೂ ಅರ್ಥ ಆಗುತ್ತೆ."

ಅವನು ಹತ್ತೊಂಬತ್ತು ನಾಲ್ಕಲಿ ಎಪ್ಪತ್ತಾರರ ತನಕ ಹೋಗಿ ತಡವರಿಸುತ್ತಿದ್ದ. ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಅವನ ಹೆಂಡತಿ ಹೊರಡುವ ಗಡಿಬಿಡಿಯಲ್ಲೇ ಒಳಗಿನಿಂದ ಮುಂದಿನದನ್ನು ಹೇಳಿಕೊಡುತ್ತಿದ್ದಳು. ಹದಿನೈದು ದಿನಕ್ಕೆ ಊಟ ಸೇರಿತು, ಮುಖಕ್ಕೆ ಕಳೆ ಬಂತು. ಹತ್ತೊಂಬತ್ತನೇ ದಿನ ಅವಳು, "ರೀ, ಆ ಚೀಲ ಅಡುಗೆಮನೆಯಿಂದ ಆಚೆ ಇಡಿ, ಎಣ್ಣೆ ಸೋರಿ ನೆಲವೆಲ್ಲ ಜಿಡ್ಡಾಗಿದೆ," ಅಂದಳು. ಅವನು ಚೀಲವನ್ನು ಹಿತ್ತಲಿಗೆ ಒಯ್ದು, ಹಳೇ ಪೇಪರು ಹಾಸಿ, ಸಾಮಾನುಗಳನ್ನು ಒಂದೊಂದಾಗಿ ಒರೆಸಿಡಲು ಕುಳಿತ.

ಆ ಸಾಮಾನಿನಲ್ಲಿ ಮೊಳದುದ್ದದ ಕೆಂಪು ವೈರುಗಳಿದ್ದವು. ಎರಡೂ ತುದಿಗೆ ಪುಟ್ಟ ಕ್ಲಿಪ್ಪು, ನಡುವೆ ಬಿಳಿ ಪಟ್ಟಿ ಸುತ್ತಿ ಒಂದರಿಂದ ಆರರವರೆಗೆ ನಂಬರು. ಅವನೇ ಮಾಡಿಕೊಂಡವು. ಪೇಪರಿನ ಮೇಲೆ ಇಟ್ಟಾಗ ಐದೇ ಇದ್ದವು. ನಾಲ್ಕನೇ ನಂಬರು ಇರಲಿಲ್ಲ. ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಹೊಲಿಗೆ ಬಿಚ್ಚಿ ನೋಡಿದ. ಇರಲಿಲ್ಲ.

ಆ ಶನಿವಾರ ಅವನು ತಾನಾಗಿ ಕೈಯೆತ್ತಿ ಮಾತಾಡಿದ.

"ಬಾಗಿಲು ಪೂರ್ತಿ ಮುಚ್ಚಿದ್ರೇನೇ ಲಿಫ್ಟು ಹೊರಡೋದು. ರಿಪೇರಿ ಮಾಡೋವಾಗ ಬಾಗಿಲು ತೆರೆದಿಟ್ಟೇ ಓಡಿಸಿ ನೋಡ್ಬೇಕಾಗುತ್ತೆ. ಅದಕ್ಕೆ ಪ್ಯಾನೆಲ್‌ನಲ್ಲಿ ಈ ವೈರು ಸಿಕ್ಕಿಸ್ತೀವಿ. ಲಿಫ್ಟಿಗೆ ಸುಳ್ಳು ಹೇಳಿದ ಹಾಗೆ. ಬಾಗಿಲು ಮುಚ್ಚಿದೆ, ಹೊರಡು ಅಂತ. ಕೆಲಸ ಆದ ಮೇಲೆ ತೆಗೀಬೇಕು."

"ತೆಗೀದೆ ಬಿಟ್ರೆ?" ಕೇಳಿದ್ದು ನಾನೇ.

"ಒಬ್ಬರು ಒಳಗೆ ಕಾಲಿಡ್ತಾ ಇರ್ತಾರೆ. ಬೇರೆ ಮಹಡೀಲಿ ಇನ್ಯಾರೋ ಗುಂಡಿ ಒತ್ತುತ್ತಾರೆ. ಲಿಫ್ಟು ಹೊರಟುಬಿಡುತ್ತೆ."

ಗೋಡೆಯ ಮೇಲೆ ಮಕ್ಕಳು ಬರೆದ ಕುರಿಗಳ ಚಿತ್ರಗಳಿದ್ದವು. ಅವನು ಅವುಗಳ ಕಡೆ ನೋಡುತ್ತ, ಆ ವೈರು ಎಲ್ಲಿ ಬಿಟ್ಟೆನೋ ತನಗೆ ಗೊತ್ತಿಲ್ಲ ಅಂದ. ಬಿಟ್ಟಿದ್ದರೆ ಕೊನೆಯ ತಿಂಗಳಲ್ಲೇ ಬಿಟ್ಟಿರಬೇಕು. ಆ ತಿಂಗಳು ಡೈರಿಯಲ್ಲಿ ಒಂಬತ್ತು ಲಿಫ್ಟುಗಳ ಲೆಕ್ಕವಿತ್ತು. ಒಂಬತ್ತರ ಮುಂದೆಯೂ ಸರಿಯಾಗಿದೆ ಎಂದೇ ಇತ್ತು.

"ಕಂಪನಿಗೆ ಹೇಳು. ಇವತ್ತೇ," ಅಂದರು ಮೇಷ್ಟ್ರು.

"ಹೇಳಿದ್ರೆ ಕೆಲಸ ಹೋಗುತ್ತೆ ಮೇಷ್ಟ್ರೇ. ಮೊದಲು ಒಂಬತ್ತನ್ನೂ ನೋಡ್ಬಿಡ್ತೀನಿ. ಸಿಕ್ಕಿದ್ರೆ ತೆಗೆದೇ ಹೇಳ್ತೀನಿ."

"ನೋಡೋಕೆ ಮುಂಚೆ ಹೇಳೋದೇ ಬೇರೆ, ನೋಡಿದ ಮೇಲೆ ಹೇಳೋದೇ ಬೇರೆ."

ಮೇಷ್ಟ್ರು ನಮ್ಮೆಲ್ಲರ ಮುಖ ನೋಡಿದರು. ನಾವು ಯಾರೂ ಬಾಯಿ ಬಿಡಲಿಲ್ಲ. ಅವನ ಕೆಲಸ ಉಳಿಯಲಿ ಎಂದೇ ನಮಗೂ ಇತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಕೊನೆಗೆ ಮೇಷ್ಟ್ರು ಒಂದು ಷರತ್ತು ಹಾಕಿದರು: ಅವನು ಒಬ್ಬನೇ ಹೋಗಕೂಡದು. ಅವರ ಮಂಡಿಗೆ ಮೆಟ್ಟಿಲು ಆಗುವುದಿಲ್ಲ. ಹಾಗಾಗಿ ನಾನು ಹೋಗಬೇಕು. ಯಾಕೆಂದು ನನಗೆ ಮೊದಲ ಕಟ್ಟಡದ ತಾರಸಿಯಲ್ಲೇ ಗೊತ್ತಾಯಿತು. ಅವನು ಪ್ಯಾನೆಲ್ಲಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡುತ್ತ, ನನ್ನ ಕಡೆ ತಿರುಗದೆ, "ಅಕ್ಕ, ಮೋಟಾರಿನ ಹಿಂದೆ ಒಂದು ಡಬ್ಬ ಇದೆ, ಅದರ ಹಿಂದೆ ಕೈ ಹಾಕಿ," ಅಂದ. ಅರ್ಧ ತುಂಬಿದ ಚಪ್ಪಟೆ ಬಾಟಲಿ ಕೈಗೆ ಸಿಕ್ಕಿತು.

ಎರಡು ದಿನದಲ್ಲಿ ಒಂಬತ್ತು ಕಟ್ಟಡ ಹತ್ತಿದೆವು. ಕಾವಲಿನವರಿಗೆಲ್ಲ ಅವನ ಮುಖಪರಿಚಯವಿತ್ತು. ರಜೆಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಅವನು ಪ್ಯಾನೆಲ್ಲು ನೋಡುವುದು, ನಾನು ಬಾಟಲಿ ಹುಡುಕಿ ತಾರಸಿಯ ನೀರು ಹೋಗುವ ತೂತಿಗೆ ಸುರಿಯುವುದು. ಏಳು ಬಾಟಲಿ ಸಿಕ್ಕವು. ವೈರು ಸಿಗಲಿಲ್ಲ. ಕೊನೆಯ ಕಟ್ಟಡದಿಂದ ಇಳಿದು ಬರುವಾಗ ಅವನು ಮೆಟ್ಟಿಲ ಕಂಬಿ ಹಿಡಿದು ನಿಂತು, "ಎಲ್ಲೋ ಬಸ್ಸಿನಲ್ಲಿ ಬಿದ್ದಿರಬೇಕು, ಅಲ್ವಾ?" ಅಂದ. ನಾನು ಹೌದು ಅಂದೆ.

ಆರೇಳು ವಾರ ಹಾಗೇ ಕಳೆಯಿತು. ಅವನು ಪ್ರತಿ ಶನಿವಾರ ಬಂದ. ದಿನಗಳ ಎಣಿಕೆ ಐವತ್ತು ದಾಟಿತು, ಅರವತ್ತು ದಾಟಿತು. ಚರ್ಚಿನ ಕೀಲು ಸಡಿಲವಾದ ಬಾಗಿಲು, ಮೇಷ್ಟ್ರ ಮನೆಯ ನಲ್ಲಿ, ನನ್ನ ಫ್ಯಾನು ಎಲ್ಲ ಅವನ ಕೈಯಲ್ಲಿ ಸರಿಯಾದವು. ಬಾಯಿಬಿಟ್ಟು ಪ್ರಾರ್ಥಿಸಲೂ ಶುರು ಮಾಡಿದ್ದ. "ತಂದೆಯೇ, ನಾನು ಪತ್ರಕ್ಕೋಸ್ಕರ ಬಂದವನು, ನಿನಗೆ ಗೊತ್ತೇ ಇದೆ," ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸುತ್ತಿದ್ದ. ಆದರೆ ಮಾತಿನ ನಡುವೆ ಆಗಾಗ ತಲೆಯೆತ್ತಿ ದೂರದ ಯಾವುದನ್ನೋ ಕೇಳಿಸಿಕೊಳ್ಳುವವನಂತೆ ಸುಮ್ಮನಾಗುತ್ತಿದ್ದ. ಆ್ಯಂಬುಲೆನ್ಸ್ ಹೋದರೆ ಅದು ಯಾವ ದಿಕ್ಕಿಗೆ ತಿರುಗಿತೆಂದು ಎದ್ದು ಹೋಗಿ ನೋಡಿ ಬರುತ್ತಿದ್ದ.

ಎಪ್ಪತ್ತೊಂದನೇ ದಿನ ಒಂದು ಶನಿವಾರ. ನಾಲ್ಕು ಗಂಟೆಗೆ ನಾವು ಕುಳಿತುಕೊಳ್ಳುವಷ್ಟರಲ್ಲಿ ಅವನ ಫೋನು ಬಡಿಯಿತು. ಸೂಪರ್‌ವೈಸರು. ಅವರ ದನಿ ದೊಡ್ಡದು. ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು.

"ಏನಯ್ಯಾ, ಒಳ್ಳೇ ಸುದ್ದಿ. ಆ ಕಣ್ಣಿನ ಆಸ್ಪತ್ರೆಯೋರು ನಿನ್ನ ಹೊಗಳಿ ಕಾಗದ ಬರೆದಿದಾರೆ. ವಾರಕ್ಕೆರಡು ಸಲ ನಿಲ್ತಿತ್ತಲ್ಲ ಆ ಹಳೇ ಲಿಫ್ಟು, ನೀನು ರಜೆಗೆ ಹೋಗೋ ಮುಂಚೆ ಹೋಗಿ ನೋಡಿದ್ಯಲ್ಲ, ಅವತ್ತಿಂದ ಒಂದ್ಸಲವೂ ನಿಂತಿಲ್ವಂತೆ. ಎರಡೂವರೆ ತಿಂಗಳು. ಮೇಲಿನವರಿಗೂ ತೋರಿಸ್ದೆ. ನೀನು ಇನ್ನೊಂದು ವಾರಕ್ಕೇ ಬಂದು ಸೇರ್ಕೋ."

ಅವನು ಚಿಕ್ಕ ಕುರ್ಚಿಯಿಂದ ಎದ್ದು ನಿಂತ.

"ಕೇಳಿಸ್ತಾ? ಲಿಫ್ಟು ಎಷ್ಟು ಚೆನ್ನಾಗಿ ಓಡ್ತಿದೆ ಅಂದ್ರೆ, ಒಳಗೆ ಸ್ಟೂಲ್ ಹಾಕ್ಕೊಂಡು ಬಾಗಿಲು ತೆಗೆದು ಹಾಕ್ತಿದ್ದ ಆಳನ್ನೂ ಈ ವಾರದಿಂದ ಬೇರೆ ಕೆಲಸಕ್ಕೆ ಹಾಕಿದಾರೆ. ಇನ್ನು ಅವನ ಅಗತ್ಯ ಇಲ್ಲ ಅಂತ."

"ಸರ್," ಅಂದ. "ಆ ಲಿಫ್ಟು... ಒಂದ್ಸಲ ನಿಲ್ಲಿಸಿ ನೋಡಿದ್ರೆ ಒಳ್ಳೇದಿತ್ತು."

"ಯಾಕೆ?"

ನಾವು ಎಂಟು ಜನ ಅವನನ್ನೇ ನೋಡುತ್ತಿದ್ದೆವು. ಅವನು ಕಣ್ಣು ಕೆಳಗೆ ಹಾಕಿದ. "ಸುಮ್ನೆ ಸರ್. ಹಳೇದಲ್ವಾ."

"ಸೋಮವಾರ ಯಾರನ್ನಾದ್ರೂ ಕಳಿಸೋಣ ಬಿಡು," ಎಂದು ಅವರು ಫೋನ್ ಇಟ್ಟರು.

ಆ ಆಸ್ಪತ್ರೆಗೆ ಹೋದದ್ದು ಅವನಿಗೆ ಕನಸಿನಷ್ಟೂ ನೆನಪಿರಲಿಲ್ಲ. ಡೈರಿಯಲ್ಲಿ ಅವತ್ತಿನ ಪುಟ ಖಾಲಿ. ಅವನು ನನ್ನ ಕಡೆ ತಿರುಗಿ ಬಹಳ ಮೆಲ್ಲಗೆ ಹೇಳಿದ: "ಆ ಲಿಫ್ಟು ನಿಲ್ತಿದ್ದದ್ದೇ ಬಾಗಿಲ ಕಾರಣಕ್ಕೆ. ಬಾಗಿಲು ಸರಿಯಾಗಿ ಕೂರ್ತಿರ್ಲಿಲ್ಲ. ಈಗ ನಿಲ್ತಿಲ್ಲ ಅಂದ್ರೆ, ಅದು ಬಾಗಿಲನ್ನ ಕೇಳ್ತಾನೇ ಇಲ್ಲ ಅಂತ ಅರ್ಥ."

"ಮತ್ತೆ ಫೋನ್ ಮಾಡು. ಕಾರಣ ಹೇಳು," ಅಂದರು ಮೇಷ್ಟ್ರು.

"ಮೊದಲು ಹೋಗ್ತೀನಿ." ಆಗಲೇ ಅವನು ಬಾಗಿಲಲ್ಲಿದ್ದ. ಮೇಷ್ಟ್ರು ನನಗೆ ಕಣ್ಣಲ್ಲೇ ಹೋಗು ಅಂದರು.

ಬಾಡಿಗೆ ಕಾರಿನಲ್ಲಿ ಹನ್ನೆರಡು ನಿಮಿಷದ ದಾರಿ. ಅವನು ಮುಂದಿನ ಸೀಟಿನಲ್ಲಿ ಮಂಡಿಯ ಮೇಲೆ ಮುಷ್ಟಿ ಇಟ್ಟುಕೊಂಡು ಕೂತಿದ್ದ. ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೋ ಮಗ್ಗಿಯೋ ನನಗೆ ತಿಳಿಯಲಿಲ್ಲ.

ನಾಲ್ಕು ಮಹಡಿಯ ಆಸ್ಪತ್ರೆ. ಒಳಗೆ ತಣ್ಣಗೆ, ಮದ್ದಿನ ವಾಸನೆ, ಸದ್ದಿಲ್ಲ. ಬೆಂಚುಗಳ ಮೇಲೆ ಒಂದು ಕಣ್ಣಿಗೆ, ಎರಡು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡವರು ಸಾಲಾಗಿ ಕುಳಿತಿದ್ದರು. ಹೆಜ್ಜೆಯ ಸಪ್ಪಳಕ್ಕೆ ಎಲ್ಲರ ಮುಖವೂ ಒಟ್ಟಿಗೆ ನಮ್ಮ ಕಡೆ ತಿರುಗಿತು. ಎದುರಿಗೇ ಲಿಫ್ಟು. ಕಬ್ಬಿಣದ ಪಟ್ಟಿಗಳ ಮಡಚುವ ಬಾಗಿಲು, ಹೊರಗೊಂದು ಒಳಗೊಂದು. ಅದು ಮೇಲೆಲ್ಲೋ ಇತ್ತು. "ನೀವು ಮಹಡಿ ಮಹಡಿಗೆ ಹೋಗಿ ಜನರನ್ನ ತಡೀರಿ ಅಕ್ಕ. ನಾನು ಮೇಲೆ ಹೋಗಿ ಕರೆಂಟು ತೆಗೀತೀನಿ," ಎಂದವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಕಣ್ಮರೆಯಾದ.

ಮೊದಲ ಮಹಡಿಯಲ್ಲಿ ಯಾರೂ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದಕ್ಕೆ ಹತ್ತುತ್ತಿದ್ದಾಗ ಅವನು ಮೇಲಿನಿಂದ ಕೆಳಗೆ ಓಡಿ ಬಂದ. ತಾರಸಿಗೆ ಬೀಗ. ಬೀಗದಕೈ ಕೆಳಗೆ ಕಾವಲಿನವನ ಹತ್ತಿರ. ಏನೂ ಹೇಳದೆ ನನ್ನನ್ನು ದಾಟಿ ಇಳಿದುಹೋದ.

ಮೂರನೇ ಮಹಡಿಯಲ್ಲಿ ಲಿಫ್ಟು ನಿಂತಿತ್ತು. ಎರಡೂ ಬಾಗಿಲು ತೆರೆದಿದ್ದವು. ಒಳಗೆ ಹಳದಿ ದೀಪ, ಮೂಲೆಯಲ್ಲಿ ಖಾಲಿ ಸ್ಟೂಲು. ಒಬ್ಬ ಆಯಾ ಎರಡು ಕಣ್ಣಿಗೂ ಪಟ್ಟಿಯಿದ್ದ ಒಬ್ಬ ತಾತನ ತೋಳು ಹಿಡಿದು ಆ ಕಡೆ ನಡೆಸಿಕೊಂಡು ಬರುತ್ತಿದ್ದಳು.

"ಹತ್ತಬೇಡಿ," ಅಂದೆ. "ಲಿಫ್ಟು ಸರಿಯಿಲ್ಲ."

"ಯಾರಮ್ಮಾ ನೀವು? ಇದು ಒಂದ್ಸಲವೂ ನಿಲ್ಲಲ್ಲ. ಈ ಬಿಲ್ಡಿಂಗಲ್ಲಿ ಸರಿ ಇರೋದೇ ಇದೊಂದು." ಅವಳು ನಗುತ್ತ ತಾತನ ತೋಳು ಬಿಟ್ಟು, ಬಾಗಿಲ ಕಂಬಿಯನ್ನು ಇನ್ನಷ್ಟು ಸರಿಸಿದಳು. "ಬನ್ನಿ ತಾತ, ಮುಂದೆ ಕಾಲಿಡಿ. ಸಮ ನೆಲ ಇದೆ."

ತಾತ ಕಾಲೆತ್ತಿದರು. ಅದೇ ಗಳಿಗೆಯಲ್ಲಿ ಒಳಗಿನಿಂದ ಕಟ್ ಎಂಬ ಸಣ್ಣ ಸದ್ದಾಯಿತು. ಬಾಗಿಲು ತೆರೆದೇ ಇತ್ತು. ಲಿಫ್ಟಿನ ನೆಲ ಸದ್ದಿಲ್ಲದೆ, ಆತುರವಿಲ್ಲದೆ, ಕೆಳಗೆ ಸರಿಯತೊಡಗಿತು. ನಾನು ಏನು ಮಾಡಿದೆನೆಂದು ನನಗೆ ಗೊತ್ತಿಲ್ಲ; ನನ್ನ ಎರಡೂ ಕೈಯಲ್ಲಿ ತಾತನ ಅಂಗಿಯಿತ್ತು, ನಾವಿಬ್ಬರೂ ಹಿಂದಕ್ಕೆ ನೆಲದ ಮೇಲೆ ಬಿದ್ದಿದ್ದೆವು. ಹಳದಿ ದೀಪ ಅಂಚಿನ ಕೆಳಗೆ ಇಳಿದುಹೋಯಿತು. ಆಮೇಲೆ ಅಲ್ಲಿದ್ದದ್ದು ಜಿಡ್ಡು ಮೆತ್ತಿದ ಹಗ್ಗಗಳು ಮತ್ತು ಕತ್ತಲೆ. ಆಯಾ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಬೀಗದಕೈ ಹಿಡಿದ ಅವನು ನಮ್ಮನ್ನು ದಾಟಿ ಮೇಲಕ್ಕೆ ಓಡಿದ.

"ಏನಾಯ್ತಮ್ಮ?" ತಾತ ಕೇಳಿದರು. "ಹತ್ತೋದೋ ಬೇಡ್ವೋ?"

ಸ್ವಲ್ಪ ಹೊತ್ತಿಗೆ ಹಗ್ಗಗಳು ಅಲುಗಿ ನಿಂತವು. ಮೇಲೆ ಅವನು ಕರೆಂಟು ತೆಗೆದಿದ್ದ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಖಾಲಿ ಲಿಫ್ಟು ಮೊದಲನೆಯ ಮತ್ತು ಎರಡನೆಯ ಮಹಡಿಯ ನಡುವೆ ನಿಂತಿತು.

ಅವನು ಇಳಿದು ಬಂದಾಗ ಮುಷ್ಟಿಯಲ್ಲಿ ಕೆಂಪು ವೈರು ಇತ್ತು. ತೆರೆದು ತೋರಿಸಿದ. ನಾಲ್ಕನೇ ನಂಬರು. ಕೆಳಗಿನಿಂದ ಕಾವಲಿನವನ ದನಿ ಕೇಳುತ್ತಿತ್ತು: ನೋಡಿ, ಇಷ್ಟು ದಿನ ಸರಿ ಇತ್ತು, ಇವತ್ತು ಮತ್ತೆ ಕೆಟ್ಟಿತು. ಆಯಾಗೂ ಅಷ್ಟೇ ಅರ್ಥವಾಗಿತ್ತು, ಹಳೇ ಲಿಫ್ಟು ಕೆಟ್ಟಿತು ಎಂದು. ವೈರು ಏನೆಂದು ಗೊತ್ತಿದ್ದದ್ದು ಆ ಕಟ್ಟಡದಲ್ಲಿ ನಮ್ಮಿಬ್ಬರಿಗೆ ಮಾತ್ರ.

ಆಗ ನಾನೊಂದು ಮಾತು ಹೇಳಿದೆ. ಬಿಟ್ಟುಬಿಡಬಹುದಿತ್ತು, ಆದರೆ ಅವನನ್ನು ಒಳ್ಳೆಯವನನ್ನಾಗಿ ಮಾಡಬಾರದಾದರೆ ನನ್ನನ್ನೂ ಮಾಡಬಾರದು. "ತೆಗೆದಾಯ್ತಲ್ಲ. ಯಾರಿಗೂ ಏನೂ ಆಗಿಲ್ಲ. ನಡಿ ಹೋಗೋಣ," ಅಂದೆ.

ಅವನು ಮೆಟ್ಟಿಲ ಮೇಲೆ ಕುಳಿತ. ತಾತನ ಕಡೆ ನೋಡಿದ. ತಾತ ಬೆಂಚಿನ ಮೇಲೆ ಕುಳಿತು, ಬಿದ್ದದ್ದಕ್ಕೆ ಮಂಡಿ ನೀವಿಕೊಳ್ಳುತ್ತ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಯಾರಿಗೋ ಏನೋ ಹೇಳುತ್ತಿದ್ದರು.

"ಅಕ್ಕ, ಇದೊಂದು ಗೊತ್ತಾಯ್ತು," ಅಂದ. "ಗೊತ್ತಿಲ್ಲದ್ದು ಎಷ್ಟಿದೆಯೋ. ಅದನ್ನ ನಾನೊಬ್ಬನೇ ಹುಡುಕೋಕಾಗಲ್ಲ."

ಫೋನು ತೆಗೆದು ಸೂಪರ್‌ವೈಸರಿಗೆ ಮಾಡಿದ. "ಸರ್, ಆಸ್ಪತ್ರೇಲಿದೀನಿ. ಬಾಗಿಲ ವೈರು ನಾನೇ ಬಿಟ್ಟು ಹೋಗಿದ್ದೆ. ಕುಡಿದಿದ್ದೆ. ಈ ವರ್ಷ ನಾನು ಮುಟ್ಟಿದ ಅಷ್ಟೂ ಲಿಫ್ಟು ನಿಲ್ಲಿಸಿ, ಬೇರೆಯವರ ಕೈಲಿ ನೋಡಿಸಿ. ಇಲ್ಲ ಸರ್, ಸೋಮವಾರ ಅಲ್ಲ. ಇವತ್ತು." ಆಮೇಲೆ ಎದ್ದು, ಆಸ್ಪತ್ರೆ ನೋಡಿಕೊಳ್ಳುವ ಡಾಕ್ಟರಮ್ಮನ ಕೋಣೆ ಎಲ್ಲೆಂದು ಆಯಾಳನ್ನು ಕೇಳಿಕೊಂಡು ಹೋದ.

ಮುಂದಿನದು ಅವನು ಹೆದರಿದ್ದ ಹಾಗೇ ಆಯಿತು. ಕೆಲಸ ಹೋಯಿತು, ಲಿಫ್ಟು ಮುಟ್ಟುವ ಪರವಾನಗಿ ಹೋಯಿತು. ಪೊಲೀಸರು ಕರೆಸಿ ಹೇಳಿಕೆ ಬರೆಸಿಕೊಂಡರು. ಯಾರಿಗೂ ಪೆಟ್ಟಾಗದ ಕಾರಣ ಅಲ್ಲಿಗೇ ಬಿಟ್ಟರು. ಕಂಪನಿಯವರು ಮೂವತ್ತನಾಲ್ಕು ಲಿಫ್ಟು ನೋಡಿದರು. ಮೊದಲ ವಾರ ಒಂದು ತಪ್ಪು ಸಿಕ್ಕಿತು. ಎರಡನೇ ವಾರ ಇನ್ನೊಂದು: ಜನ ತುಂಬಿದ ಮನೆಗಳ ಕಟ್ಟಡದಲ್ಲಿ, ಬೆರಳಲ್ಲೇ ತಿರುಗುವಷ್ಟು ಸಡಿಲವಾಗಿದ್ದ ಬ್ರೇಕಿನ ನಟ್ಟು. ಎರಡಕ್ಕೂ ಡೈರಿಯಲ್ಲಿ ಸರಿಯಾಗಿದೆ ಎಂದಿತ್ತು.

ಆ ಬ್ರೇಕಿನ ಸುದ್ದಿ ತಿಳಿದ ದಿನ ಅವನು ಕುಡಿದ. ಎಂಬತ್ತೆರಡು ದಿನ ಅಳಿಸಿಹೋಯಿತು. ಶನಿವಾರ ಬರುತ್ತಾನೋ ಇಲ್ಲವೋ ಎಂದು ನಾವು ಬಾಗಿಲನ್ನೇ ನೋಡುತ್ತಿದ್ದೆವು. ಐದು ನಿಮಿಷ ತಡವಾಗಿ ಬಂದ, ಜೊತೆಗೆ ಹೆಂಡತಿ. ಚಿಕ್ಕ ಕುರ್ಚಿಯ ಮೇಲೆ ಮುದುಡಿ ಕುಳಿತು, ಸರದಿ ಬಂದಾಗ "ಎರಡು ದಿನ," ಅಂದ. ಮೇಷ್ಟ್ರು ಎದ್ದು, ನೋಯುವ ಮಂಡಿಯೂರಿ, ಅವನ ಹೆಗಲ ಮೇಲೆ ಕೈಯಿಟ್ಟರು. ಅವತ್ತು ಮೇಷ್ಟ್ರ ಪ್ರಾರ್ಥನೆ ಎಂದಿಗಿಂತ ಚಿಕ್ಕದಾಗಿತ್ತು. ಇವನನ್ನು ಬಿಡಬೇಡ, ಅಂದರು. ಪತ್ರದ ಮಾತು ಯಾರೂ ಎತ್ತಲಿಲ್ಲ.

ಮಗಳಿಗೆ ಅವನು ಎಲ್ಲವನ್ನೂ ತಾನೇ ಹೇಳಿದ. ಹೇಳಿ ಮುಗಿಸುವವರೆಗೂ ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲವಂತೆ. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: "ಅಪ್ಪ, ಅವತ್ತು ನಾನು ಹೊರಗಿಳಿದು ಮೆಟ್ಟಿಲು ಹತ್ತಿದೆನಲ್ಲ, ಆ ಲಿಫ್ಟು ಸರಿ ಇತ್ತಾ?"

"ನನಗೆ ಗೊತ್ತಿಲ್ಲ ಮಗಳೇ," ಅಂದನಂತೆ. ಅವಳಿಗೆ ಅಷ್ಟು ವರ್ಷಗಳಲ್ಲಿ ತಾನು ಕೊಟ್ಟ ಮೊದಲ ನಿಜವಾದ ಉತ್ತರ ಅದು ಎಂದು ನಮಗೆ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. ಮಾರನೆಯ ಶನಿವಾರ ಚರ್ಚಿನ ಗೇಟಿನ ತನಕ ಅವನ ಜೊತೆ ನಡೆದು ಬಂದು ವಾಪಸು ಹೋದಳು.

ಇದಾಗಿ ಮೂರು ವರ್ಷ ದಾಟಿದೆ. ಅವನೀಗ ಹೊಲಿಗೆ ಯಂತ್ರಗಳ ರಿಪೇರಿ ಅಂಗಡಿಯಲ್ಲಿದ್ದಾನೆ. ನೆಲ ಅಂತಸ್ತಿನ ಕೋಣೆ, ಬೀದಿಗೆ ತೆರೆದ ಬಾಗಿಲು, ಎದುರಿಗೆ ಕೂತ ಮಾಲೀಕರು. ತಾನು ಒಬ್ಬನೇ ಇರುವ ಜಾಗದಲ್ಲಿ ಕೆಲಸ ಬೇಡ ಎಂದು ಅವನೇ ಕೇಳಿಕೊಂಡಿದ್ದ. ಒಂದೊಂದು ಯಂತ್ರ ಮುಗಿದಾಗಲೂ ಮಾಲೀಕರನ್ನು ಕರೆದು ಇನ್ನೊಮ್ಮೆ ನೋಡಿಸುತ್ತಾನೆ. ಅವರಿಗೆ ಮೊದಮೊದಲು ರೇಜಿಗೆಯಾಗುತ್ತಿತ್ತಂತೆ, ಈಗ ರೂಢಿಯಾಗಿದೆ.

ಗುಂಪಿನಲ್ಲಿ ಅವನ ಪ್ರಾರ್ಥನೆ ಮೊದಲಿಗಿಂತ ಎರಡು ಮಾತು ಉದ್ದವಾಗಿದೆ. ಆದರೆ ಆ್ಯಂಬುಲೆನ್ಸಿನ ಸದ್ದಿಗೆ ಇಂದಿಗೂ ಸುಮ್ಮನಾಗುತ್ತಾನೆ. ಕಂಪನಿಯವರು ನೋಡಿದ್ದು ಒಂದು ವರ್ಷದ ಲಿಫ್ಟುಗಳನ್ನು. ಅವನು ಕುಡಿದದ್ದು ಅದಕ್ಕಿಂತ ಹೆಚ್ಚು ವರ್ಷ.

ಹೋದ ತಿಂಗಳು ಸಭೆ ಮುಗಿಸಿ ಕುರ್ಚಿಗಳನ್ನು ಜೋಡಿಸುತ್ತಿದ್ದಾಗ, ಆ ಆಸ್ಪತ್ರೆ ಕನಸಿನಲ್ಲಿ ಬರುತ್ತದೆಯೇ ಎಂದು ಕೇಳಿದೆ.

"ಆಸ್ಪತ್ರೆ ಬರಲ್ಲ," ಅಂದ. "ಬಾಗಿಲು ಬರುತ್ತೆ. ತೆರೆದಿರುತ್ತೆ, ಒಳಗೆ ಕತ್ತಲೆ. ಮೊದಲೆಲ್ಲ ಬಗ್ಗಿ ನೋಡ್ತಿದ್ದೆ, ಯಾರು ಬಿದ್ದಿದಾರೋ ಅಂತ. ಈಗ ಅದಕ್ಕೆ ಬೆನ್ನು ಹಾಕಿ ಅಡ್ಡ ನಿಂತಿರ್ತೀನಿ. ಕಾರಿಡಾರಲ್ಲಿ ದೂರದಿಂದ ಯಾರೋ ಬರ್ತಿರೋ ಸಪ್ಪಳ ಕೇಳಿಸ್ತಿರುತ್ತೆ."

"ಬಂದು ತಲುಪ್ತಾರಾ?"

"ಅಷ್ಟರಲ್ಲಿ ಎಚ್ಚರ ಆಗುತ್ತೆ ಅಕ್ಕ," ಎಂದು ಅವನು ಉಳಿದ ಎರಡು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಗೋಡೆಗೆ ಸರಿಸಿದ.